ಕೂಸಿನ ಮನೆಯ ಬಾಗಿಲು ಎಷ್ಟು ಗಂಟೆಗೆ ತೆರೆಯಬೇಕು?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆ ಕಂಡರೆ, ಅದರ ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಹುಡುಗಿ ಇದ್ದಾಳೆಯೇ ನೋಡಿ. ಎಷ್ಟೋ ಸಲ ಇರುತ್ತಾಳೆ. ಅವ್ವ ಕಳೆ ತೆಗೆಯುವಷ್ಟು ಹೊತ್ತು ತಮ್ಮನ ಜೋಳಿಗೆ ತೂಗುವುದು ಅವಳ ಕೆಲಸ. ಅತ್ತ ಶಾಲೆಯ ಹಾಜರಿಯಲ್ಲಿ ಅವಳಿಗೆ ಗೈರು ಬಿದ್ದಿರುತ್ತದೆ.

ಹಾಗಾಗಿಯೇ 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಹೇಳಿದ್ದು ನನಗೆ ದೊಡ್ಡ ಮಾತಾಗಿ ಕಂಡಿತು. ಕೆಲಸದ ಜಾಗದಲ್ಲಿ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆಯೇ ಹೇಳಿತ್ತು. ಆ ಮಾತಿಗೆ ಸೂರು ಸಿಗಲು 18 ವರ್ಷ ಬೇಕಾಯಿತು. ಮುಖ್ಯವಾಗಿ ಮೂರು ವರ್ಷದೊಳಗಿನ ಮಕ್ಕಳಿಗೆಂದು ಮಾಡಿದ ಈ ಮನೆಗೆ ತಾಯಂದಿರು ದುಡ್ಡು ಕೊಡಬೇಕಿಲ್ಲ. ಊರಿನ ಹೆಣ್ಣುಮಕ್ಕಳೇ ಉದ್ಯೋಗ ಖಾತರಿಯ ಕೂಲಿಯ ಮೇಲೆ ಮಕ್ಕಳನ್ನು ಆಡಿಸಿ, ಉಣಿಸಿ, ಮಲಗಿಸುತ್ತಾರೆ. ಮಗು ನೋಡಿಕೊಳ್ಳುವುದೂ ಕೂಲಿ ಕೊಡಬೇಕಾದ ದುಡಿಮೆ ಎಂದು ಸರ್ಕಾರ ಒಪ್ಪಿಕೊಂಡಿತಲ್ಲ, ಈ ಯೋಜನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಅದನ್ನೇ.

ಆದರೆ ಉದ್ಯೋಗ ಖಾತರಿ ತಂದ ಗಂಟೂ ಒಂದಿದೆ. ಅಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಇಂತಿಷ್ಟೇ ದಿನ ಎಂಬ ಮಿತಿ. ಆದ್ದರಿಂದ ಆರೈಕೆದಾರರು ಸರದಿಯಂತೆ ಬದಲಾಗುತ್ತಾರೆ. ಕೆರೆಯ ಹೂಳು ಎತ್ತಲು ಯಾವ ಕೈಯಾದರೂ ನಡೆದೀತು. ಒಂದು ವರ್ಷದ ಕೂಸಿಗೆ ಹಾಗಲ್ಲ. ಒಬ್ಬರ ಮಡಿಲಿಗೆ, ಒಬ್ಬರ ದನಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಅವರ ಸರದಿ ಮುಗಿದಿರುತ್ತದೆ. ಕೂಸಿನ ಮನೆಯ ಕೂಲಿಯನ್ನು ಈ ಮಿತಿಯಿಂದ ಬಿಡಿಸಿ, ಅದೇ ಹೆಂಗಸನ್ನು ವರ್ಷವಿಡೀ ಇರಿಸಿಕೊಳ್ಳಬೇಕು.

ಇನ್ನೊಂದು ತೊಡಕು ವೇಳೆಯದು. ಯಲಬುರ್ಗಾ, ಕುಷ್ಟಗಿಯಂಥ ಒಣ ಸೀಮೆಯಲ್ಲಿ ಬದು, ಕೃಷಿ ಹೊಂಡದ ಕೆಲಸ ಜೋರಾಗುವುದು ಬೇಸಿಗೆಗೆ. ಕೆಲಸ ತೀರಿದ ಮೇಲೆ ಎಷ್ಟೋ ಮನೆಗಳು ಕೂಸುಗಳ ಸಮೇತ ಗುಳೆ ಹೊರಡುತ್ತವೆ. ಗಂಗಾವತಿಯ ಲೆಕ್ಕವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು. ಅದು ರೈತರ ಗದ್ದೆಯ ಕೂಲಿ, ಉದ್ಯೋಗ ಖಾತರಿಗೆ ಸಂಬಂಧವಿಲ್ಲ. ಹೆಂಗಸರು ನಸುಕಿಗೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾರೆ. ಕೂಸಿನ ಮನೆಯದು ಹೆಚ್ಚುಕಡಿಮೆ ಕಚೇರಿಯ ಹೊತ್ತು. ಟಂಟಂ ಹೋದ ಮೇಲೆ ಬಾಗಿಲು ತೆರೆದರೆ ಆ ತಾಯಿಗೆ ಏನು ಬಂತು? ಆಗ ಜೋಳಿಗೆಯ ಹಗ್ಗ ಮತ್ತೆ ಅದೇ ಅಕ್ಕನ ಕೈಗೇ ಬರುತ್ತದೆ.

ಪಟ್ಟಣದ ಬಡವರಂತೂ ಈ ಲೆಕ್ಕದಲ್ಲೇ ಇಲ್ಲ. ಯೋಜನೆ ಇರುವುದು ಗ್ರಾಮ ಪಂಚಾಯಿತಿಗಳಿಗೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಕಸ ಗುಡಿಸುವವರು, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸಕ್ಕೆ ಕೂತವರು ನಗರಸಭೆ, ಪಟ್ಟಣ ಪಂಚಾಯಿತಿಯ ಗಡಿಯೊಳಗೆ ಬರುತ್ತಾರೆ. ದಿನಗೂಲಿಯಲ್ಲಿ ಖಾಸಗಿ ಶಿಶುವಿಹಾರದ ಶುಲ್ಕ ಕಟ್ಟುವುದು ಅವರಿಂದಾಗದ ಮಾತು.

ಶಾಲೆಗೆ ಹೋಗುವ ಮಕ್ಕಳಿಗೂ ಸಂಜೆಯೊಂದಿದೆ. ಗಂಟೆ ಹೊಡೆದ ಮೇಲೆ ಅವ್ವ ಬರುವ ತನಕ ಅವರು ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಕೂರುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಶುರುವಾದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳನ್ನು ಅರಿವು ಕೇಂದ್ರ ಎನ್ನುತ್ತೇವೆ. ದೀಪ, ಪುಸ್ತಕ, ಕೂರಲು ಜಾಗ ಎಲ್ಲ ಇರುವ ಆ ಕೋಣೆಯನ್ನು ಹೊತ್ತು ಮುಳುಗುವ ತನಕ ತೆರೆದಿಟ್ಟು, ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ ಕೊಟ್ಟರೆ ಹೊಸ ಕಟ್ಟಡದ ಗೊಡವೆಯೇ ಬೇಡ.

ಒಟ್ಟಿನಲ್ಲಿ, ಕೂಸಿನ ಮನೆ ಉಳಿಯಬೇಕು, ಬೆಳೆಯಬೇಕು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಅಧ್ಯಕ್ಷರನ್ನು, ಪಿಡಿಒ ಅವರನ್ನು ಇಷ್ಟು ಕೇಳಿ: ನಮ್ಮ ಹೆಂಗಸರು ಕೂಲಿಗೆ ಹೊರಡುವುದು ಎಷ್ಟು ಗಂಟೆಗೆ? ಕೂಸಿನ ಮನೆಯ ಬಾಗಿಲು ಅದಕ್ಕಿಂತ ಅರ್ಧ ತಾಸು ಮೊದಲೇ ತೆರೆಯಲಿ.