ಬಂಗಾರದ ಮನುಷ್ಯನಿಗೆ ಪಹಣಿ ಇಲ್ಲ

ಕಳೆದ ಯುಗಾದಿಗೆ ಊರಿಗೆ ಹೋದಾಗ ಟಿ.ವಿ.ಯಲ್ಲಿ ಮತ್ತೆ ‘ಬಂಗಾರದ ಮನುಷ್ಯ’ ಬರುತ್ತಿತ್ತು. ತುರುವೇಕೆರೆ ತಾಲ್ಲೂಕಿನ ನಮ್ಮ ಮನೆಯ ನಡುಮನೆಯಲ್ಲಿ ಈ ಸಿನಿಮಾ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ಬಂಡೆ ಒಡೆಯುವ ಹಾಡು ಬಂದಾಗ ಕೊಬ್ಬರಿ ಚೀಲಕ್ಕೆ ಒರಗಿ ಕೂತಿದ್ದ ಮಾವ, “ಒಂದ್ ಹಾಡು ಮುಗ್ಯೋದ್ರೊಳ್ಗೆ ಬರಡು ಹಸ್ರಾಯ್ತು ನೋಡು. ನಮ್ದು ಎಂಟ್ನೂರ್ ಅಡಿ ಕೊರ್ಸಿದ್ರೂ ಬರೀ ಧೂಳು” ಅಂದರು. ಎಲ್ಲರೂ ನಕ್ಕೆವು. ಕೊನೆಯ ಊಟದ ದೃಶ್ಯ ಬರುವ ಹೊತ್ತಿಗೆ ಮಾವ ಅಲ್ಲಿರಲಿಲ್ಲ, ಕೊಟ್ಟಿಗೆ ಕಡೆ ಹೋಗಿದ್ದರು. ಯಾವಾಗಲೂ ಹಾಗೆಯೇ ಎದ್ದು ಹೋಗುತ್ತಾರೆ ಎಂದು ಅಮ್ಮ ಹೇಳಿದರು.

ಈ ಸಿನಿಮಾ ಐವತ್ತು ವರ್ಷ ದಾಟಿಯೂ ಯಾಕೆ ಹಳಸಿಲ್ಲ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಅದು ಮಣ್ಣಿನ ಮಹಿಮೆಯ ಸಿನಿಮಾ, ಅದನ್ನು ನೋಡಿ ಪಟ್ಟಣ ಸೇರಿದ್ದ ಹುಡುಗರು ಹಳ್ಳಿಗೆ ಮರಳಿದರು. ಮರಳಿದವರು ಇದ್ದಿರಬಹುದು. ಆದರೆ ಇಷ್ಟೇ ಕಾರಣವಾಗಿದ್ದರೆ ಹಳ್ಳಿಯಲ್ಲೇ ಉಳಿದವರು, ಎಲ್ಲಿಗೂ ಮರಳಬೇಕಾಗಿಲ್ಲದವರು, ಇದನ್ನು ಇಷ್ಟು ಸಲ ಯಾಕೆ ನೋಡುತ್ತಾರೆ? ನಮ್ಮ ಸೀಮೆಯಲ್ಲಿ ಬೇಸಾಯದ ಬಗ್ಗೆ ಯಾರಿಗೂ ಭ್ರಮೆಯಿಲ್ಲ. ಉಂಡೆಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದ 2023ರಲ್ಲಿ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. ಎರಡೇ ವರ್ಷಕ್ಕೆ, 2025ರಲ್ಲಿ, ಅದೇ ಕೊಬ್ಬರಿ 25 ಸಾವಿರ ದಾಟಿತು. ದುಡಿಮೆಗೂ ದರಕ್ಕೂ ಸಂಬಂಧವಿಲ್ಲವೆಂದು ಗೊತ್ತಿರುವ ಜನ ಇವರು. ಇವರನ್ನು ಹಿಡಿದು ಕೂರಿಸುವುದು ಬೇರೆ ಏನೋ ಇರಬೇಕು.

ಸಿದ್ಧಲಿಂಗಯ್ಯ ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 1972ರ ಮಾರ್ಚ್ 31ರಂದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ, ಅಂದರೆ ಮುಂದೆ ಭೂಮಿಕಾ ಎಂದು ಹೆಸರಾದಲ್ಲಿ, ಎರಡು ವರ್ಷ ಓಡಿತು. ಕಥೆ ಟಿ. ಕೆ. ರಾಮರಾವ್ ಅವರ ಕಾದಂಬರಿಯದು. ಭಾವ ತೀರಿಹೋದ ಮನೆಗೆ ಬಂದ ರಾಜೀವ ಅಕ್ಕನ ಸಂಸಾರದ ಹೊಣೆ ಹೊತ್ತು, ಮಣ್ಣಿಗೆ ಬಿದ್ದು ದುಡಿದು, ಅಕ್ಕನ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡುತ್ತಾನೆ. ನಡುವೆ ಲಕ್ಷ್ಮಿಯನ್ನು ಮದುವೆಯಾಗಿ ಕಳೆದುಕೊಳ್ಳುತ್ತಾನೆ. ಕೊನೆಗೆ, ತಾನು ಬೆಳೆಸಿದ ಅಕ್ಕನ ಮಗನಿಂದಲೇ ಮಾತು ಕೇಳಿ ಊಟದ ನಡುವೆ ಎದ್ದು ಹೊರಟವನು ತಿರುಗಿ ಬರುವುದಿಲ್ಲ.

ರಾಮರಾವ್ ಹೆಸರು ಮಾಡಿದ್ದು ಪತ್ತೇದಾರಿ ಕಾದಂಬರಿಗಳಿಂದ. ಸಿನಿಮಾವನ್ನು ಹೊಗಳುವಾಗ ಇದನ್ನು ಯಾರೂ ನೆನೆಯುವುದಿಲ್ಲ. ಆದರೆ ‘ಬಂಗಾರದ ಮನುಷ್ಯ’ದ ಹೊಟ್ಟೆಯಲ್ಲಿರುವುದು ಒಂದು ಪತ್ತೇದಾರಿ ಕಥೆಯೇ. ಮಾವ ಯಾರಿಗೋ ಗುಟ್ಟಾಗಿ ಹಣ ಕೊಡುತ್ತಾನೆ, ಯಾವುದೋ ಮನೆಗೆ ಹೋಗಿ ಬರುತ್ತಾನೆ, ಮನೆಯವರು ಸುಳಿವುಗಳನ್ನು ಕೂಡಿಸಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ನಿಜದಲ್ಲಿ ಅವನು ಸಾಕುತ್ತಿರುವುದು ಸತ್ತ ಭಾವನಿಗಿದ್ದ ಇನ್ನೊಂದು ಸಂಸಾರವನ್ನು. ಮಾಮೂಲಿ ಪತ್ತೇದಾರಿಯಲ್ಲಿ ಕೊನೆಗೆ ಎಲ್ಲರನ್ನೂ ಕೂಡಿಸಿ ಗುಟ್ಟು ಬಿಚ್ಚುವವನೊಬ್ಬ ಇರುತ್ತಾನೆ. ಇಲ್ಲಿ ಗುಟ್ಟು ತಿಳಿದವನೇ ಆರೋಪಿ, ಅವನು ಬಾಯಿ ಬಿಡುವುದಿಲ್ಲ. ಒಂದೇ ಒಂದು ವಾಕ್ಯ ಆಡಿದ್ದರೆ ಸಿನಿಮಾ ಅಲ್ಲಿಗೆ ಮುಗಿಯುತ್ತಿತ್ತು. ಆಡಿದರೆ ಅಕ್ಕನ ಕಣ್ಣಲ್ಲಿ ಅವಳ ಗಂಡ ಸಣ್ಣವನಾಗುತ್ತಾನೆ. ಸತ್ತವನ ಮಾನ ಉಳಿಸಲು ಬದುಕಿರುವವನು ಕಳ್ಳನೆನಿಸಿಕೊಳ್ಳುತ್ತಾನೆ. ಕೂಡುಕುಟುಂಬದಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು. ನಮ್ಮ ಮನೆಗಳು ನಿಂತಿರುವುದೇ ಯಾರೋ ಒಬ್ಬರು ಆಡದೆ ಉಳಿಸಿದ ಇಂಥ ವಾಕ್ಯಗಳ ಮೇಲೆ.

ಹಾಡುಗಳ ವಿಷಯಕ್ಕೆ ಬರುತ್ತೇನೆ. ಜಿ. ಕೆ. ವೆಂಕಟೇಶ್ ಅವರ ಸಂಗೀತ, ರಾಜ್‌ಕುಮಾರ್‌ಗೆ ಪಿ. ಬಿ. ಶ್ರೀನಿವಾಸ್ ಅವರ ಕಂಠ. ಇನ್ನೆರಡು ವರ್ಷಕ್ಕೆ, 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್ ತಾವೇ ಹಾಡತೊಡಗಿದರು. ಹಾಗಾಗಿ ಆ ಜೋಡಿಯ ಕೊನೆಗಾಲದ ದೊಡ್ಡ ಫಸಲು ಇದು. ವಿಶ್ವೇಶ್ವರಯ್ಯನವರನ್ನೂ ಕನ್ನಂಬಾಡಿಯನ್ನೂ ನೆನೆಯುವ ಆ ಬಂಡೆಯ ಹಾಡಿನಲ್ಲಿ ವರ್ಷಗಳು ಐದು ನಿಮಿಷಕ್ಕೆ ಇಳಿಯುತ್ತವೆ. ಸಂಗೀತಮಯ ಸಿನಿಮಾದ ಗುಣವೇ ಅದು, ಕಾಲವನ್ನು ಮಡಿಸಿ ಕೊಡುವುದು. ತೆಂಗಿನ ಸೀಮೆಯವರಿಗೆ ಇದರ ರುಚಿ ಬೇರೆ. ಸಸಿ ನೆಟ್ಟರೆ ಫಲಕ್ಕೆ ಆರೇಳು ವರ್ಷ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಒಣಗಿ, ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಗಡಗಡ ಅನ್ನಲು ಹತ್ತು–ಹನ್ನೊಂದು ತಿಂಗಳು. ಅಷ್ಟೂ ದಿನ ಮಾಡುವುದಕ್ಕೆ ಏನೂ ಇರುವುದಿಲ್ಲ, ಕಾಯಬೇಕು ಅಷ್ಟೆ. ಮಾವನ ತಮಾಷೆಯ ಹಿಂದೆ ಇರುವುದು ಇದೇ ಕಾಯುವಿಕೆ. ಹಾಡು ಸುಳ್ಳು ಹೇಳುತ್ತಿದೆ ಎಂದು ಅವರಿಗೆ ಗೊತ್ತು, ಆದರೂ ಮುಗಿಯುವವರೆಗೆ ಕೂತು ನೋಡುತ್ತಾರೆ. ಸ್ವಂತ ಮೂವತ್ತು ವರ್ಷಗಳನ್ನು ಐದು ನಿಮಿಷಕ್ಕೆ ಇಳಿಸಿ, ಅದರಲ್ಲೂ ರಾಜ್‌ಕುಮಾರ್ ಮುಖ ಇಟ್ಟು ತೋರಿಸಿದರೆ ಯಾರು ತಾನೇ ಎದ್ದು ಹೋದಾರು?

ರಾಚೂಟಪ್ಪನಾಗಿ ಬಾಲಕೃಷ್ಣ ಬಂದಾಗ ನಮ್ಮವರಿಗೆ ಇನ್ನೊಂದು ಖುಷಿ, ಅವರು ಪಕ್ಕದ ಅರಸೀಕೆರೆಯವರು. (ತಿಪಟೂರಿನವರನ್ನು ಕೇಳಿದರೆ ಮೊದಲು ತಮ್ಮೂರ ನರಸಿಂಹರಾಜು, ಆಮೇಲೆ ಉಳಿದವರು ಎನ್ನುತ್ತಾರೆ.) ಕಿವಿ ಕೇಳದ ನಟನೊಬ್ಬ ಎದುರಿನವರ ಮಾತಿನ ಲಯವನ್ನು ಅಷ್ಟು ಕರಾರುವಾಕ್ಕಾಗಿ ಹಿಡಿಯುವುದನ್ನು ಈಗಲೂ ಬೆರಗಿನಿಂದ ನೋಡುತ್ತೇನೆ.

ಜಗತ್ತಿನ ಕೌಟುಂಬಿಕ ಸಂಗೀತ ಚಿತ್ರಗಳ ಮಾದರಿ ಎನ್ನುವ ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅಲ್ಲೂ ಹೊರಗಿನವಳೊಬ್ಬಳು ತಾಯಿಯಿಲ್ಲದ ಮಕ್ಕಳ ಮನೆಗೆ ಬರುತ್ತಾಳೆ, ಹಾಡಿನಿಂದ ಮನೆಗೆ ಜೀವ ತುಂಬುತ್ತಾಳೆ. ಆದರೆ ಮರಿಯಾ ಆ ಮನೆಯ ಒಡತಿಯಾಗುತ್ತಾಳೆ. ಕೊನೆಗೆ ಬೆಟ್ಟ ದಾಟುವಾಗ ಇಡೀ ಸಂಸಾರ ಒಟ್ಟಿಗೆ ನಡೆಯುತ್ತದೆ. ರಾಜೀವ ಒಬ್ಬನೇ ನಡೆಯುತ್ತಾನೆ. ಬದುಕು ಕಟ್ಟಿಕೊಟ್ಟವನಿಗೆ ಮನೆಯಲ್ಲಿ ಜಾಗ ಉಳಿಯುವುದಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿ. ಈ ಸಿನಿಮಾ ಬಿಡುಗಡೆಯಾಗುವ ಹನ್ನೊಂದು ದಿನ ಮೊದಲು, ಮಾರ್ಚ್ 20ಕ್ಕೆ, ದೇವರಾಜ ಅರಸು ಮುಖ್ಯಮಂತ್ರಿಯಾದರು. 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾಯಿತು. ಗೇಣಿದಾರರು ಏಳನೇ ನಮೂನೆ ಅರ್ಜಿ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ನಿಂತರು. ದುಡಿದವನಿಗೆ ಭೂಮಿ ಸೇರಬೇಕೇ ಎಂಬುದು ನಾಡಿನ ಪ್ರಶ್ನೆಯಾಗಿದ್ದ ಅದೇ ಕಾಲದಲ್ಲಿ ಸ್ಟೇಟ್ಸ್ ಮುಂದೆ ಜನ ಟಿಕೆಟ್ಟಿಗೆ ಸಾಲುಗಟ್ಟಿದ್ದರು. ಸಿನಿಮಾದ ಪ್ರಶ್ನೆಯೂ ಅದೇ, ಆದರೆ ದುಡಿದವನು ಗೇಣಿದಾರನಲ್ಲ, ಸೋದರಮಾವ. ನೆಂಟಸ್ತಿಕೆಯ ದುಡಿಮೆಗೆ ಏಳನೇ ನಮೂನೆ ಇಲ್ಲ. ಹಕ್ಕು ಕೇಳದೆ ಎದ್ದು ಹೋಗುವುದನ್ನೇ ಬಂಗಾರ ಎಂದು ಸಿನಿಮಾ ಕರೆಯುತ್ತದೆ, ನಾವೂ ಅತ್ತು ಒಪ್ಪುತ್ತೇವೆ. ಅವನಿಗೆ ಮಕ್ಕಳಿದ್ದರೆ ಈ ಒಪ್ಪಿಗೆ ಅಷ್ಟು ಸುಲಭವಿರುತ್ತಿರಲಿಲ್ಲ. ಲಕ್ಷ್ಮಿ ಸಾಯುವುದು ವಿಧಿಯಿಂದ ಎನ್ನುವುದಕ್ಕಿಂತ ಈ ಲೆಕ್ಕಾಚಾರದಿಂದ ಎಂದು ನನಗೆ ಅನುಮಾನ. ಶಾರದೆಗೂ ಹೀಗೆಯೇ ಅನ್ಯಾಯವಾಗಿದೆ. ಗಂಡ ಹೋದ ಮೇಲೆ ಮನೆಗೆ ಹಿರಿಯಳು ಅವಳೇ. ಆದರೂ ತನ್ನ ಗಂಡನ ಬಗೆಗಿನ ಸತ್ಯ ತಾಳಿಕೊಳ್ಳಲು ಅವಳಿಂದಾಗದು ಎಂದು ಗಂಡಸರೇ ತೀರ್ಮಾನಿಸಿಬಿಡುತ್ತಾರೆ. ಅವಳಿಗೆ ಗೊತ್ತಿದ್ದಿದ್ದರೆ?

ಇಷ್ಟು ತಕರಾರಿದ್ದೂ ಈ ಸಿನಿಮಾ ನನ್ನನ್ನು ಬಿಡುವುದಿಲ್ಲ. ಕಾರಣ ಹೇಳಲು ಕೊಂಚ ಸಂಕೋಚ. ಅಪ್ಪ ತುಮಕೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಅಮ್ಮನ ತಮ್ಮ ನಮ್ಮ ಮನೆಗೆ ಬಂದರು. ಬಂದವರು ಹೋಗಲಿಲ್ಲ. ನಮ್ಮ ಕಡೆ ತೋಟ ಎಷ್ಟು ಎಕರೆ ಎನ್ನುವುದಕ್ಕಿಂತ ಎಷ್ಟು ಮರ ಎಂದು ಕೇಳುತ್ತಾರೆ. ನಮ್ಮ ಇನ್ನೂರ ಚಿಲ್ಲರೆ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರು ನೆಟ್ಟವು. ನುಸಿ ರೋಗ ಬಂದ ವರ್ಷಗಳಲ್ಲಿ ಮರಮರಕ್ಕೂ ಬೇರಿಗೆ ಔಷಧಿ ಕಟ್ಟಿದವರು ಅವರು. ನನ್ನ ಎಂ.ಎ. ಫೀಸು, ಹಾಸ್ಟೆಲ್ಲು, ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ಫೆಲೋಶಿಪ್ ಬರದಿದ್ದಾಗಿನ ಊಟ, ಎಲ್ಲ ಆ ತೋಟದ್ದು. ಪಹಣಿಯಲ್ಲಿ ಅಪ್ಪನ ಹೆಸರಿದೆ, ಮುಂದೆ ನನ್ನದೂ ತಮ್ಮನದೂ ಬರುತ್ತದೆ. ಕೊಬ್ಬರಿ ದರ ಏರಿದಾಗಿನಿಂದ ಮನೆಯಲ್ಲಿ ಭಾಗದ ಮಾತು ಒಂದೆರಡು ಸಲ ಎದ್ದಿದೆ. ಆ ಮಾತಿನಲ್ಲಿ ಮಾವನ ಹೆಸರು ಬಂದಿಲ್ಲ. ಎತ್ತಬೇಕಾದವನು ನಾನು, ನಾನೂ ಎತ್ತಿಲ್ಲ. ಕೌಟುಂಬಿಕ ಚಿತ್ರಗಳಲ್ಲಿ ಆಸ್ತಿಯ ಪ್ರಶ್ನೆ ಎಂದು ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದೇನೆ.

ಆ ಯುಗಾದಿಯ ದಿನ ಸಿನಿಮಾ ಮುಗಿದ ಮೇಲೆ ಮಾವ ಒಳಗೆ ಬಂದರು. ಕೊನೆಯ ಸೀನು ಯಾಕೆ ನೋಡುವುದಿಲ್ಲ ಎಂದು ಕೇಳಿದೆ. ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಊಟ ಬಿಟ್ಟು ಏಳ್ಬಾರ್ದಿತ್ತು ಕಣೋ ಅವ್ನು. ಪೂರ್ತಿ ಉಂಡು, ಕೈ ತೊಳ್ಕಂಡು, ಕುಂತು ಲೆಕ್ಕ ಹೇಳಿ ಆಮೇಲ್ ಹೋಗ್ಬೇಕಿತ್ತು” ಅಂದರು.

ಅಪ್ಪ ಅಲ್ಲೇ ಪಕ್ಕದಲ್ಲಿ ಕೂತಿದ್ದರು.