ನಂದಿಯ ರೂಪಾಂತರ: ಶೈಲಿಭೇದವೋ, ಅವನತಿಯೋ?

ಕರ್ನಾಟಕದ ಶಿಲ್ಪಚರಿತ್ರೆಯನ್ನು ಬರೆದವರಲ್ಲಿ ಅನೇಕರು ಹೊಯ್ಸಳರ ಕಾಲವನ್ನು ಶಿಖರವೆಂದೂ ಅನಂತರದ್ದನ್ನು ಇಳಿಜಾರೆಂದೂ ಗಣಿಸಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಭಾವನೆ ಇನ್ನಷ್ಟು ಬಲಗೊಂಡಿದ್ದರೆ ಆಶ್ಚರ್ಯವಿಲ್ಲ. ಹಳೇಬೀಡಿನ ಕುಸುರಿಯನ್ನು ಕಂಡು ಬಂದ ಕಣ್ಣಿಗೆ ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವ ಒರಟೆಂದು ತೋರುವುದು ಸಹಜ. ಆದರೆ ಒರಟು ಎಂಬುದು ವರ್ಣನೆಯೋ ತೀರ್ಪೋ ಎಂಬುದು ಮೊದಲು ವಿಚಾರಣೀಯ.

ಹೊಯ್ಸಳ ಶಿಲ್ಪಿಗೆ ದೊರೆತದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ಗುಣ ಅದಕ್ಕುಂಟು. 12ನೆಯ ಶತಮಾನದ ಹೊಯ್ಸಳೇಶ್ವರ ದೇಗುಲದ ಎದುರಿನ ಎರಡು ನಂದಿಗಳ ಮೈಮೇಲೆ ಆಭರಣಗಳು ಅಕ್ಕಸಾಲೆಯ ಕೆಲಸದಂತೆ ಮೂಡಿವೆ. ಬೆಂಗಳೂರಿನದಾದರೋ ಕಣಶಿಲೆಯ ನೆಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರಸಿದ್ಧವಾದ ಗುಡಿಯಲ್ಲಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಬಸವ ಒಂದೇ ಬಂಡೆಯಿಂದ ಮೂಡಿದ್ದಾನೆ. ಉಳಿಗೆ ಸುಲಭವಾಗಿ ಒಲಿಯದ ಈ ಕಲ್ಲಿನಲ್ಲಿ ಶಿಲ್ಪಿ ನೆಚ್ಚಿದ್ದು ಬೆನ್ನಿನ ಬಾಗನ್ನು, ಕೊರಳ ತೂಕವನ್ನು, ಮಡಿಸಿದ ಕಾಲುಗಳ ಭಾರವನ್ನು. ಹಾಗೆಂದು ಕಲ್ಲೇ ಎಲ್ಲವನ್ನೂ ನಿರ್ಧರಿಸಿತೆಂದರೆ ಅದೂ ಅತಿಯಾದೀತು. 1664ರಲ್ಲಿ ದೊಡ್ಡ ದೇವರಾಜ ಒಡೆಯರು ಚಾಮುಂಡಿ ಬೆಟ್ಟದಲ್ಲಿ ಮಾಡಿಸಿದ ನಂದಿಯೂ ಬಂಡೆಯದೇ, ಅದರ ಕೊರಳಿನಲ್ಲಾದರೋ ಗಂಟೆ ಹಾರಗಳು ತುಂಬಿವೆ. ಅಲಂಕಾರ ಸಾಧ್ಯವಿತ್ತು, ಗಾತ್ರವೇ ಮಾತನಾಡಲೆಂಬ ಒಲವೂ ಇತ್ತು.

ಸಾಹಿತ್ಯದ ಸಾಮ್ಯವೊಂದು ಇಲ್ಲಿ ಸ್ಮರಣೀಯ. ಪಂಪ ರನ್ನರ ಚಂಪುವಿನ ಬಳಿಕ ಬಂದ ವಚನವನ್ನು ಇಂದು ಯಾವ ವಿದ್ವಾಂಸರೂ ಅವನತಿಯೆನ್ನರು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂದ ಮೇಲೆ ನಾಡಿನ ಕಿವಿ ಆ ಬರಿಮಾತಿನ ಲಯಕ್ಕೆ ಪಳಗಿತು. ಕಣಶಿಲೆಯ ಶಿಲ್ಪಕ್ಕೆ ಅಂಥ ಪಳಗಿದ ಕಣ್ಣು ಇನ್ನೂ ದೊರೆತಂತಿಲ್ಲ. ಸಾಮ್ಯ ಪೂರ್ಣವಲ್ಲವೆಂಬುದೂ ನಿಜ. ಶರಣರು ಅಲಂಕಾರದೊಡನೆ ಗುಡಿಯನ್ನೂ ಬಿಟ್ಟವರು. ಇಷ್ಟಲಿಂಗವನ್ನು ಅಂಗೈಗಿತ್ತ ಮಹಾನುಭಾವನ ಹೆಸರೇ ಗುಡಿಯೊಳಗಿನ ಕಲ್ಲಿನ ಬಸವನಿಗೂ ಇರುವುದು ಚೋದ್ಯವೇ ಸರಿ. 1369ರ ‘ಬಸವಪುರಾಣ’ದಲ್ಲಿ ಭೀಮಕವಿ ಬಸವಣ್ಣನವರನ್ನು ನಂದಿಯ ಅವತಾರವೆಂದು ನಿರೂಪಿಸಿದ ಮೇಲೆ ಈ ಎರಡು ಬಸವರನ್ನು ಜನಮನ ಬೇರ್ಪಡಿಸಲಿಲ್ಲ.

ಹಳೆಯ ಬೆಂಗಳೂರಿನ ಇತರ ನಂದಿಗಳು ಇನ್ನೊಂದು ಪಾಠ ಹೇಳುತ್ತವೆ. ಗವಿಪುರದ ಗಂಗಾಧರೇಶ್ವರನ ಸನ್ನಿಧಿಯಲ್ಲಿ ಮಕರ ಸಂಕ್ರಾಂತಿಯ ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆ; ಅಲ್ಲಿ ನಂದಿಯನ್ನು ನೋಡುವುದೆಂದರೆ ಅವನು ಕುಳಿತ ಜಾಗವನ್ನು ನೋಡುವುದು. ಮಲ್ಲೇಶ್ವರದಲ್ಲಿ 1997ರಲ್ಲಿ ಮಣ್ಣಿನಡಿಯಿಂದ ಹೊರಬಂದ ನಂದಿತೀರ್ಥದಲ್ಲಿ ಅವನ ಬಾಯಿಂದ ಹರಿದ ನೀರು ಲಿಂಗದ ಮೇಲೆ ಬೀಳುತ್ತದೆ. ಬೆಳಕಿಗೆ ದಾರಿಯಾದವನನ್ನೂ ನೀರಿಗೆ ದಾರಿಯಾದವನನ್ನೂ ಹಳೇಬೀಡಿನ ಅಳತೆಗೋಲಿನಿಂದ ಅಳೆಯುವುದು ಹೇಗೆ?

ತೀರ್ಪು ತಪ್ಪಿದರೆ ನಷ್ಟ ಗ್ರಂಥಗಳಿಗಷ್ಟೇ ಅಲ್ಲ. ಸರಳವಾದುದು ಬಡವೆಂಬ ಎಣಿಕೆಯಿಂದಲೇ ಅದೆಷ್ಟೋ ಊರುಗಳ ಹಳೆಯ ಕಂಬಗಳಿಗೆ ಎನಾಮೆಲ್ ಬಣ್ಣ, ಗೋಡೆಗಳಿಗೆ ನುಣುಪು ಟೈಲು ಬಂದಿವೆ. ದೊಡ್ಡ ಬಸವನ ಗುಡಿಯ ಗೋಪುರವೂ 20ನೆಯ ಶತಮಾನದ ಆರಂಭದ್ದು. ಶೈವ ಪ್ರತಿಮೆಗಳಿಂದ ಕಿಕ್ಕಿರಿದ ಅದು ಒಳಗಿನ ಬಸವನ ಮೌನಕ್ಕೆ ಹೊಂದುವುದಿಲ್ಲ. ಆದರೆ ಬಸವನ ಕಪ್ಪು ಬೇರೆಯದೇ ಮಾತು. ಮೂಲದಲ್ಲಿ ಬೂದುಬಣ್ಣದ ಕಲ್ಲು ತಲೆಮಾರುಗಳ ಎಣ್ಣೆ, ಇದ್ದಿಲುಗಳ ಲೇಪನದಿಂದ ಹಾಗಾಯಿತು. ಅದು ಶಿಲ್ಪಿಯ ಕೆಲಸವಲ್ಲ. ಆದರೂ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬಂದವರು ಕೈಮುಗಿಯುವುದು ಆ ಕಪ್ಪು ಬಸವನಿಗೇ.