ಬಿಲ್ಹಣನ ವಿಕ್ರಮಾಂಕನೂ ಚಾಲುಕ್ಯರ ಭ್ರಾತೃಕಲಹವೂ

ಕಾಶ್ಮೀರದ ಬಿಲ್ಹಣನು ಕಲ್ಯಾಣದ ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿಕೊಂಡು ರಚಿಸಿದ 'ವಿಕ್ರಮಾಂಕದೇವಚರಿತ'ವು ೧೮ ಸರ್ಗಗಳ ಮಹಾಕಾವ್ಯವು. ೧೮೭೪ರಲ್ಲಿ ಜೇಸಲಮೇರದ ಜೈನಭಂಡಾರದಲ್ಲಿ ಬ್ಯೂಲರ ಪಂಡಿತನಿಗೆ ಇದರ ಓಲೆಯ ಪ್ರತಿಯು ದೊರೆತು ಮರುವರ್ಷ ಅಚ್ಚಾದಂದಿನಿಂದ, ಕರ್ನಾಟಕದ ಇತಿಹಾಸವನ್ನು ಬರೆದವರೆಲ್ಲರೂ ಇದಕ್ಕೆ ಋಣಿಗಳಾಗಿರುವರು. ಆದರೆ ಕವಿಯು ಕೊಟ್ಟ ತೀರ್ಪನ್ನೂ ಇತಿಹಾಸವೆಂದು ಸ್ವೀಕರಿಸಬಹುದೇ ಎಂಬುದು ವಿಚಾರಣೀಯವಾಗಿದೆ.

ಆಹವಮಲ್ಲ ಸೋಮೇಶ್ವರನು ೧೦೬೮ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ದೇಹತ್ಯಾಗಮಾಡಲು, ಹಿರಿಯ ಮಗನಾದ ಭುವನೈಕಮಲ್ಲನು ಪಟ್ಟವೇರಿದನು. ತಂದೆಯ ದಂಡನ್ನು ನಡೆಯಿಸಿ ಚೋಳದೇಶದವರೆಗೂ ಕಾದಿಬಂದ ಸೇನಾನಿಯಾದರೋ ಎರಡನೆಯ ಮಗನಾದ ವಿಕ್ರಮಾದಿತ್ಯನು. ಸಿಂಹಾಸನವು ಒಬ್ಬನದು, ಖಡ್ಗವು ಇನ್ನೊಬ್ಬನದು, ರಾಜ್ಯವು ಇಬ್ಭಾಗವಾಯಿತು. ತಮ್ಮನು ಚೋಳ ವೀರರಾಜೇಂದ್ರನಿಗೆ ಅಳಿಯನಾದನು. ಅಣ್ಣನು, ವೀರರಾಜೇಂದ್ರನ ಮಗನ ತರುವಾಯ ಚೋಳರ ಪಟ್ಟವನ್ನು ಹಿಡಿದ ರಾಜಿಗನನ್ನು ಕೂಡಿಕೊಂಡನು. ೧೦೭೬ರಲ್ಲಿ ತಮ್ಮನು ಗೆದ್ದು, ತನ್ನ ಹೆಸರಿನ ಶಕೆಯನ್ನೇ ನಡೆಯಿಸಿದನು.

ಈ ಕಥೆಯನ್ನು ಬಿಲ್ಹಣನು ಹೇಗೆ ಹೇಳುವನು? ತಂದೆಯು ಯುವರಾಜಪದವಿಯನ್ನು ಕೊಡಲು ಬಂದರೂ, ಅಣ್ಣನಿರುವಾಗ ತನಗೆ ಸಲ್ಲದೆಂದು ವಿಕ್ರಮನು ನಿರಾಕರಿಸಿದನಂತೆ. ಅಣ್ಣನು ಮದಾಂಧನಾದುದರಿಂದ ಕಲ್ಯಾಣವನ್ನು ಬಿಟ್ಟು ಹೊರಟನಂತೆ. ಕಡೆಗೆ ಆರನೆಯ ಸರ್ಗದಲ್ಲಿ, ಅಣ್ಣನ ಮೇಲೆ ಕೈಯೆತ್ತಲು ಹಿಂಜರಿದವನಿಗೆ ಪರಶಿವನೇ ಕನಸಿನಲ್ಲಿ ಬಂದು ಯುದ್ಧಮಾಡೆಂದು ಆಜ್ಞಾಪಿಸುವನು. ಗೆದ್ದ ಮೇಲೆ ರಾಜ್ಯವನ್ನು ಸೆರೆಸಿಕ್ಕಿದ ಅಣ್ಣನಿಗೇ ಒಪ್ಪಿಸಬೇಕೆಂದಾಗಲೂ ಶಿವನೇ ಅಡ್ಡ ಬರುವನು. ಕವಿಗೆ ಬೇಕಾದಾಗಲೆಲ್ಲ ಬೀಳುವ ಇಂಥ ಕನಸುಗಳು ಕಾವ್ಯಕ್ಕೆ ಅಲಂಕಾರವಾಗಲಾರವು. ವ್ಯಾಸರು ಹೀಗೆ ಮಾಡಲಿಲ್ಲ. ಕರ್ಣನು ಅಗ್ರಜನೆಂದು ತಿಳಿದ ಧರ್ಮರಾಜನು, ಗೆದ್ದ ರಾಜ್ಯವೇ ಬೇಡವೆಂದು ಶಾಂತಿಪರ್ವದಲ್ಲಿ ಹಲುಬುವನು. ಬಿಲ್ಹಣನ ನಾಯಕನಿಗೆ ಆ ವ್ಯಥೆಯು ಯುದ್ಧದ ಮುಂಚೆಯೇ ಮುಗಿದುಹೋಗಿರುವದು.

ಇದಕ್ಕಿಂತಲೂ ಸೋಜಿಗವಾದುದು ಮುಂದಿನ ಭಾಗ. ಕಲ್ಯಾಣವನ್ನು ಬಿಟ್ಟಾಗ ವಿಕ್ರಮನ ಬೆನ್ನ ಹಿಂದೆಯೇ ಬಂದ ಕಿರಿಯ ತಮ್ಮ ಜಯಸಿಂಹನು ಬನವಾಸಿಯ ಅಧಿಕಾರವನ್ನು ಪಡೆದಿದ್ದನು. ಹದಿನಾಲ್ಕು ಹದಿನೈದನೆಯ ಸರ್ಗಗಳಲ್ಲಿ ಅವನೂ ದಂಡು ಕೂಡಿಸಿ ಕೃಷ್ಣೆಯ ತೀರಕ್ಕೆ ಬರುವನು. ತಮ್ಮನು ಅಣ್ಣನ ಮೇಲೆ ಏರಿಬರುವ ಅದೇ ಕಾರ್ಯ. ಆದರೆ ಈ ಸಲ ಕನಸಿಲ್ಲ, ದೈವಾಜ್ಞೆಯಿಲ್ಲ, ತಮ್ಮನು ಕೇವಲ ದ್ರೋಹಿ! ಆರನೆಯ ಸರ್ಗವನ್ನು ಓದಿದವರು ಈ ಎರಡು ಸರ್ಗಗಳನ್ನು ಅದರ ಮಗ್ಗುಲಲ್ಲಿಟ್ಟು ನೋಡಬೇಕು. ಧರ್ಮವು ಬದಲಾಗಿಲ್ಲ, ವಿಕ್ರಮನು ಕುಳಿತ ಸ್ಥಳವು ಮಾತ್ರ ಬದಲಾಗಿದೆ. (ಸಹೋದರರ ದಾಯಭಾಗವನ್ನು ನಿರ್ಣಯಿಸುವ 'ಮಿತಾಕ್ಷರೆ'ಯನ್ನು ವಿಜ್ಞಾನೇಶ್ವರನು ಬರೆದುದೂ ಇದೇ ದೊರೆಯ ಕಾಲದಲ್ಲಿ.)

ಇನ್ನು ಭುವನೈಕಮಲ್ಲನು ಕವಿಯು ಹೇಳುವಷ್ಟು ಕೆಟ್ಟವನೇ? ಗದಗು-ರೋಣದ ಸೀಮೆಯವರು ದೂರ ಹೋಗಬೇಕಾಗಿಲ್ಲ. ಗಾವರವಾಡದ ೧೦೭೧-೭೨ರ ಶಾಸನವು, ಚೋಳರ ದಾಳಿಯಲ್ಲಿ ಸುಡಲ್ಪಟ್ಟ ಅಣ್ಣಿಗೇರಿಯ ಪೆರ್ಮಾಡಿ ಬಸದಿಯನ್ನು ಈತನ ಮಂಡಲೇಶ್ವರನಾದ ಲಕ್ಷ್ಮರಸನು ಮತ್ತೆ ನೆಲೆಗೊಳಿಸಿದುದನ್ನು ತಿಳಿಸುವದು. ಶಾಸನವೂ ಹೊಗಳುಭಟ್ಟರ ಮಾತಿನಿಂದ ಮುಕ್ತವಲ್ಲ, ನಿಜ. ಆದರೂ ಮದಾಂಧನ ಹಾಳುರಾಜ್ಯವನ್ನು ಅದು ತೋರಿಸುವದಿಲ್ಲ. ರಾವಣನ ಕೀರ್ತಿಯು ಕುಗ್ಗಿ ರಾಮನ ಕೀರ್ತಿಯು ಹಬ್ಬಿದ್ದು ಆದಿಕವಿಯ ಮಹಿಮೆಯಿಂದಲೆಂದು ಬಿಲ್ಹಣನು ಮೊದಲನೆಯ ಸರ್ಗದಲ್ಲಿಯೇ ಹೇಳಿಕೊಂಡಿರುವನು. ಭುವನೈಕಮಲ್ಲನಿಗೆ ಅಂಥ ಕವಿಯು ಸಿಕ್ಕಲಿಲ್ಲ.

ಇಷ್ಟರಿಂದ ಬಿಲ್ಹಣನ ಕವಿತ್ವಶಕ್ತಿಗೆ ಕುಂದಿಲ್ಲ. ವೈದರ್ಭೀ ರೀತಿಯಲ್ಲಿ ಅವನಿಗೆ ಸಮಾನರು ಕೆಲವರೇ. ಜ್ವರಪೀಡಿತನಾದ ಆಹವಮಲ್ಲನು ತುಂಗಭದ್ರೆಯ ಪ್ರವಾಹಕ್ಕಿಳಿಯುವ ನಾಲ್ಕನೆಯ ಸರ್ಗವನ್ನು ಸಹೃದಯರು ಇಂದಿಗೂ ಕಣ್ಣೀರಿಲ್ಲದೆ ಓದಲಾರರು. ಅಲ್ಲಿ ಕವಿಗೆ ಯಾವ ಕನಸಿನ ನೆರವೂ ಬೇಕಾಗಿಲ್ಲ.